ಸೂಪರ್‌ವೈಸರ್ ಯಾರಿಗೆ, ಸೂಪರಿಂಟೆಂಡೆಂಟ್ ಎಲ್ಲಿಗೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಏಳು ವರ್ಷದಿಂದ ಬೆಂಗಳೂರಿನಲ್ಲಿ ಕಟ್ಟಡ ಕೆಲಸದ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಹೊರದೇಶದ ಕೆಲಸವೊಂದಕ್ಕೆ ಅರ್ಜಿ ಹಾಕಬೇಕು. ಜಾಹೀರಾತಿನಲ್ಲಿ ‘ಸೈಟ್ ಸೂಪರಿಂಟೆಂಡೆಂಟ್’ ಬೇಕು ಎಂದಿದೆ. ‘ಎರಡೂ ಒಂದೇ ಕಣೋ, ರೆಸ್ಯೂಮೆಯಲ್ಲಿ ಹಾಗೇ ಹಾಕ್ಕೋ’ ಎಂದು ಗೆಳೆಯ ಹೇಳುತ್ತಾನೆ. ಸರ್ಕಾರಿ ಕಚೇರಿಯಲ್ಲಿರುವ ನಮ್ಮ ಭಾವ, ‘ಸೂಪರಿಂಟೆಂಡೆಂಟ್ ಅಂದ್ರೆ ಗುಮಾಸ್ತರ ಮೇಲಿನವರು, ಅಷ್ಟೇ’ ಎನ್ನುತ್ತಾರೆ. ಆದರೆ ಎಸ್‌ಪಿ ಅಂದರೂ ಸೂಪರಿಂಟೆಂಡೆಂಟೇ ಅಲ್ವಾ ಸಾರ್? ಯಾವುದು ಸರಿ?

ಉತ್ತರ: ನಿಮ್ಮ ಭಾವ ಹೇಳಿದ್ದೂ ಸರಿ, ಎಸ್‌ಪಿ ಬಗ್ಗೆ ನೀವು ಹೇಳಿದ್ದೂ ಸರಿ. ನಿಮ್ಮ ಗೆಳೆಯನ ಮಾತು ಮಾತ್ರ ಕೇಳಬೇಡಿ.

ಈ ಎರಡು ಪದಗಳ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದವನು. ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ ಹೊಸತು. ಒಬ್ಬ ವಿದ್ಯಾರ್ಥಿಗೆ ಆಸ್ಪತ್ರೆಯಿಂದ ಒಂದು ಪ್ರಮಾಣಪತ್ರ ಬೇಕಾಗಿತ್ತು. ಅವನ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟೆ. ಮೇಲೆ ‘ಸೂಪರಿಂಟೆಂಡೆಂಟರಿಗೆ’ ಎಂದು ಬರೆಯುವ ಬದಲು ‘ಸೂಪರ್‌ವೈಸರಿಗೆ’ ಎಂದು ಬರೆದಿದ್ದೆ. ಅರ್ಜಿ ನೇರವಾಗಿ ಕಸ ಗುಡಿಸುವವರ ಉಸ್ತುವಾರಿ ನೋಡುವವರ ಮೇಜಿಗೆ ಹೋಯಿತು. ಪಾಪ, ಅವರು ಅದನ್ನು ಎರಡು ವಾರ ಜೋಪಾನವಾಗಿ ಇಟ್ಟುಕೊಂಡಿದ್ದರಂತೆ. ಆ ಹುಡುಗ ಮತ್ತೆ ನನ್ನ ಹತ್ತಿರ ಇಂಗ್ಲಿಷ್ ಅರ್ಜಿ ಬರೆಸಲಿಲ್ಲ.

ಒಂದು ಸುಲಭದ ಉಪಾಯ ಹೇಳುತ್ತೇನೆ. ‘ಅವರು ಸೂಪರ್‌ವೈಸರ್’ ಎಂದು ಯಾರಾದರೂ ಹೇಳಿದರೆ ನಮ್ಮ ಮನಸ್ಸಿಗೆ ಬರುವ ಪ್ರಶ್ನೆ ‘ಯಾರಿಗೆ?’ ಎಂಬುದು. ‘ಅವರು ಸೂಪರಿಂಟೆಂಡೆಂಟ್’ ಎಂದರೆ ಬರುವ ಪ್ರಶ್ನೆ ‘ಎಲ್ಲಿಗೆ?’ ಅಥವಾ ‘ಯಾವುದಕ್ಕೆ?’. ಸೂಪರ್‌ವೈಸರ್ ಕೆಳಗೆ ಜನ ಇರುತ್ತಾರೆ, ಆ ಜನರ ಕೆಲಸ ಇರುತ್ತದೆ. ಸೂಪರಿಂಟೆಂಡೆಂಟ್ ಕೈಯಲ್ಲಿ ಒಂದು ಜಾಗ ಇರುತ್ತದೆ. ಜೈಲು, ಆಸ್ಪತ್ರೆ, ಜಿಲ್ಲೆ, ತೋಟ, ಪರೀಕ್ಷಾ ಕೇಂದ್ರ, ಏನಾದರೂ ಆಗಬಹುದು. ಅದಕ್ಕೇ ‘ಹಾಸನ ಎಸ್‌ಪಿ’ ಎನ್ನುತ್ತೇವೆ. ‘ಹಾಸನ ಸೂಪರ್‌ವೈಸರ್’ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ‘ಯಾವ ಕಂಪನಿಯವರು?’ ಎಂದು ಕೇಳುತ್ತೀರಿ.

ಇದರಿಂದ ಜವಾಬ್ದಾರಿಯ ರೀತಿಯೂ ಬೇರೆಯಾಗುತ್ತದೆ. ಗಾರ್ಮೆಂಟ್ಸ್ ಲೈನಿನ ಸೂಪರ್‌ವೈಸರ್ ಅಲ್ಲೇ ನಿಂತಿರಬೇಕು. ಯಾವ ಮಷಿನ್ನಿನಲ್ಲಿ ಯಾರು ಕೂತಿದ್ದಾರೆ, ಎಷ್ಟು ಪೀಸ್ ಬಂತು, ಯಾವ ಹೊಲಿಗೆ ತಪ್ಪಿತು, ಎಲ್ಲವನ್ನೂ ಕಣ್ಣಿನಿಂದ ನೋಡಬೇಕು. ಅವರು ರಜಾ ಹಾಕಿದ ದಿನದ ತಪ್ಪಿಗೆ ಅವರನ್ನು ಯಾರೂ ಕೇಳುವುದಿಲ್ಲ. ಜೈಲಿನ ಸೂಪರಿಂಟೆಂಡೆಂಟ್ ಕಥೆ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಕೈದಿ ಗೋಡೆ ಹಾರಿ ಓಡಿಹೋದ ಎನ್ನಿ. ಅವರು ಆಗ ಕ್ವಾರ್ಟರ್ಸ್‌ನಲ್ಲಿ ಗಾಢ ನಿದ್ದೆಯಲ್ಲಿದ್ದರೂ ಬೆಳಿಗ್ಗೆ ಉತ್ತರ ಹೇಳಬೇಕಾದವರು ಅವರೇ. ಗೋಡೆ ಅವರದು, ಬಾಗಿಲು ಅವರದು, ಬೀಗದ ಕೈಯೂ ಅವರದು.

ನಮ್ಮ ಮದುವೆ ಮನೆಗಳಲ್ಲಿ ಈ ಎರಡೂ ಕೆಲಸ ಇವೆ. ಊಟದ ಪಂಕ್ತಿಯಲ್ಲಿ ಓಡಾಡಿಕೊಂಡು ‘ಇಲ್ಲಿ ಸಾರು ಬರಲಿಲ್ಲ, ಅಲ್ಲಿ ಅಜ್ಜನಿಗೆ ಅನ್ನ ಹಾಕಿ’ ಎಂದು ಬಡಿಸುವ ಹುಡುಗರನ್ನು ಓಡಿಸುವ ಒಬ್ಬರು ಇರುತ್ತಾರೆ. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕೂತಿರುವವರು ಇನ್ನೊಬ್ಬರು. ಪಂಕ್ತಿಯಲ್ಲಿ ಏನಾಗುತ್ತಿದೆ ಎಂದು ಅವರು ನೋಡುವುದೇ ಇಲ್ಲ. ಆದರೆ ತುಪ್ಪ ಮುಗಿದುಹೋದರೆ ಬೈಸಿಕೊಳ್ಳುವವರು ಅವರು. ಮೊದಲಿನವರು ಸೂಪರ್‌ವೈಸರ್, ಎರಡನೆಯವರು ಸೂಪರಿಂಟೆಂಡೆಂಟ್.

ಪದಗಳ ಹುಟ್ಟಿನಲ್ಲೇ ಈ ವ್ಯತ್ಯಾಸದ ಬೀಜ ಇದೆ. ಎರಡೂ ಲ್ಯಾಟಿನ್ ಮೂಲದವು. ಎರಡರಲ್ಲೂ ಇರುವ ‘ಸೂಪರ್’ ಎಂದರೆ ಮೇಲೆ. ‘ವೈಸರ್’ ಬಂದದ್ದು ‘ವಿಡೇರೆ’ ಎಂಬ ಕ್ರಿಯಾಪದದಿಂದ. ಅದರ ಅರ್ಥ ‘ನೋಡು’ ಎಂದು. ವಿಡಿಯೊ, ವೀಸಾ ಎಲ್ಲ ಅದೇ ಮನೆಯವು. ನಿಮ್ಮ ಸೈಟಿಗೆ ಬಂದು ಅಳತೆ ಮಾಡುವ ಸರ್ವೇಯರ್ ಕೂಡ ಸೂಪರ್‌ವೈಸರ್‌ನ ಒಡಹುಟ್ಟೇ. ಅದೇ ಲ್ಯಾಟಿನ್ ಪದ ಫ್ರೆಂಚ್ ದಾರಿಯಲ್ಲಿ ಸವೆದು ಬಂದಾಗ ಸರ್ವೇ ಆಯಿತು. ಇನ್ನು ‘ಇಂಟೆಂಡೆಂಟ್’ ಬಂದದ್ದು ‘ಇಂಟೆಂಡೇರೆ’ಯಿಂದ. ಅದರೊಳಗಿನ ‘ಟೆಂಡೇರೆ’ ಎಂದರೆ ಚಾಚು, ಎಳೆದು ಬಿಗಿ. ಡೇರೆಗೆ ಹೇಳುವ ಟೆಂಟ್, ನಾವು ದಿನಾ ಪಡುವ ಟೆನ್ಷನ್, ಎರಡೂ ಅಲ್ಲಿಂದಲೇ ಬಂದವು. ಮನಸ್ಸನ್ನು ಒಂದು ಕಡೆಗೆ ಚಾಚಿ ಬಿಗಿಯಾಗಿ ಹಿಡಿಯುವುದು ಎಂದರೆ ‘ಇಂಟೆಂಡ್’. ಅಂದರೆ ಸೂಪರ್‌ವೈಸರ್ ಕಣ್ಣಿಡುವವರು, ಸೂಪರಿಂಟೆಂಡೆಂಟ್ ಮನಸ್ಸಿಡುವವರು.

ಇಲ್ಲಿ ಕನ್ನಡದಲ್ಲಿ ಒಂದು ತಮಾಷೆ ಆಗಿದೆ. ನಮ್ಮ ಸರ್ಕಾರಿ ಕನ್ನಡದಲ್ಲಿ ಸೂಪರ್‌ವೈಸರ್ ಎಂದರೆ ಮೇಲ್ವಿಚಾರಕ, ಸೂಪರಿಂಟೆಂಡೆಂಟ್ ಎಂದರೆ ಅಧೀಕ್ಷಕ. ಅಧೀಕ್ಷಕ ಪದ ಬಿಡಿಸಿ ನೋಡಿ. ಅಧಿ ಎಂದರೆ ಮೇಲೆ, ಈಕ್ಷ ಎಂದರೆ ನೋಡು. ನಿರೀಕ್ಷೆ, ಪರೀಕ್ಷೆಗಳಲ್ಲಿ ಇರುವುದೂ ಅದೇ ಈಕ್ಷ. ಹಾಗಾದರೆ ಅಧೀಕ್ಷಕ ಎಂದರೆ ಅಚ್ಚುಕಟ್ಟಾಗಿ ಸೂಪರ್‌ವೈಸರ್! ಮೇಲ್ವಿಚಾರಕ ಪದದಲ್ಲಿ ಇರುವುದು ವಿಚಾರ. ಅದು ಕಣ್ಣಿನದಲ್ಲ, ಮನಸ್ಸಿನ ಕೆಲಸ. ಬೇರು ನೋಡಿ ಹೇಳುವುದಾದರೆ ಅದೇ ಸೂಪರಿಂಟೆಂಡೆಂಟ್ ಆಗಬೇಕಿತ್ತು. ಎರಡು ಹೆಸರುಗಳೂ ಅದಲುಬದಲಾಗಿವೆ. ನನಗೆ ಇದರ ಬಗ್ಗೆ ದೂರೇನೂ ಇಲ್ಲ. ‘ಬಂದವರನ್ನು ವಿಚಾರಿಸಿಕೋ’ ಎಂದು ನಾವು ಮನೆಯಲ್ಲಿ ಹೇಳುತ್ತೇವಲ್ಲ, ಅಲ್ಲಿ ಜನರನ್ನು ಹತ್ತಿರ ಹೋಗಿ ಮಾತಾಡಿಸಿ ನೋಡಿಕೊಳ್ಳುವ ಅರ್ಥ ಇದೆ. ಹಾಗಾಗಿ ಮೇಲ್ವಿಚಾರಕ ಎಂಬುದು ಜನರ ಮೇಲಿನ ಹುದ್ದೆಗೇ ಒಗ್ಗಿಕೊಂಡಿತು. ಸೂಪರಿಂಟೆಂಡೆಂಟ್ ಕೆಲಸಕ್ಕೆ ನನ್ನ ಮೆಚ್ಚಿನ ಪದ ಉಸ್ತುವಾರಿ. ಜಿಲ್ಲಾ ಉಸ್ತುವಾರಿ ಸಚಿವರು ಎಂದರೆ ಜಿಲ್ಲೆ ಎಂಬ ಜಾಗ ಕಣ್ಣ ಮುಂದೆ ಬರುತ್ತದೆ. ಆದರೆ ಹುದ್ದೆಯ ಹೆಸರನ್ನು ನನ್ನ ಮೆಚ್ಚಿಗೆಯ ಪ್ರಕಾರ ಇಡುವುದಿಲ್ಲವಲ್ಲ.

ಅಧ್ಯಕ್ಷ ಎಂಬ ಪದವೂ ಈ ಕುಟುಂಬದ್ದೇ. ಅಧಿ, ಅಕ್ಷ. ಅಕ್ಷ ಎಂದರೆ ಕಣ್ಣು. ಈಗ ಅಧ್ಯಕ್ಷ ಎಂದರೆ ಸಭೆಯಲ್ಲಿ ನಡುವಿನ ಕುರ್ಚಿ, ಕೊನೆಯ ಭಾಷಣ. ಹಿಂದೆ ಹಾಗಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿತು. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದ, ಅಂದರೆ ಭಾಗದ, ಹೆಸರು ಅಧ್ಯಕ್ಷಪ್ರಚಾರ. ಸೀತಾಧ್ಯಕ್ಷ ಬೇಸಾಯಕ್ಕೆ, ಸೂತ್ರಾಧ್ಯಕ್ಷ ನೂಲು ನೇಯ್ಗೆಗೆ, ಸುರಾಧ್ಯಕ್ಷ ಹೆಂಡಕ್ಕೆ, ನಾವಧ್ಯಕ್ಷ ಹಡಗುಗಳಿಗೆ, ಹಸ್ತ್ಯಧ್ಯಕ್ಷ ಆನೆಗಳಿಗೆ. ಇವರನ್ನೆಲ್ಲ ಶಾಸ್ತ್ರಿಗಳು ಇಂಗ್ಲಿಷಿನಲ್ಲಿ ಏನೆಂದು ಕರೆದರು ಗೊತ್ತೇ? ಸೂಪರಿಂಟೆಂಡೆಂಟ್. ಸೂಪರ್‌ವೈಸರ್ ಎನ್ನಲಿಲ್ಲ. ಬೇರಿನ ಪ್ರಕಾರ ಕಣ್ಣಿನ ಪದವೇ ಬೇಕಿತ್ತು. ಆದರೂ ಅವರು ಹುದ್ದೆಯನ್ನು ನೋಡಿದರು. ಆ ಹುದ್ದೆಯವರ ಕೈಯಲ್ಲಿ ಇದ್ದದ್ದು ಒಂದೊಂದು ಇಲಾಖೆ. ಅನುವಾದ ಎಂದರೆ ಹೀಗಿರಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುತ್ತಿದ್ದೆ.

ಶಾಸ್ತ್ರಿಗಳ ಕಾಲದ ಮೈಸೂರಿಗೆ ಈ ಪದ ಹೊಸದೇನಲ್ಲ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದರು. ಆ ಕಾಲದಲ್ಲಿ ಸಂಸ್ಥಾನದಲ್ಲಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಿದ್ದವು. ಒಂದೊಂದು ವಿಭಾಗಕ್ಕೆ ಒಬ್ಬ ಸೂಪರಿಂಟೆಂಡೆಂಟ್. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅಲ್ಲಿಯ ಆಡಳಿತ ನೋಡಲು ಬಂದವರೂ ‘ಕೊಡಗಿನ ಸೂಪರಿಂಟೆಂಡೆಂಟ್’. 1874ರಲ್ಲಿ ಲಾಲ್‌ಬಾಗ್‌ಗೆ ಬಂದ ಜಾನ್ ಕ್ಯಾಮರಾನ್ ಕೂಡ ಸೂಪರಿಂಟೆಂಡೆಂಟೇ. ಒಬ್ಬರ ಕೈಯಲ್ಲಿ ಒಂದು ಇಡೀ ಸೀಮೆ, ಇನ್ನೊಬ್ಬರ ಕೈಯಲ್ಲಿ ಹೂವಿನ ತೋಟ. ಹೆಸರು ಮಾತ್ರ ಒಂದೇ.

ಇಲ್ಲೇ ನಿಮ್ಮ ಎಸ್‌ಪಿ ಪ್ರಶ್ನೆಗೆ ಉತ್ತರ ಇದೆ. ಸೂಪರಿಂಟೆಂಡೆಂಟ್ ಎಂಬ ಪದ ಹುದ್ದೆಯ ಎತ್ತರ ಹೇಳುವುದಿಲ್ಲ. ‘ಈ ಬೇಲಿಯೊಳಗೆ ಏನಾದರೂ ನಾನೇ ಹೊಣೆ’ ಎಂದು ಮಾತ್ರ ಹೇಳುತ್ತದೆ. ಬೇಲಿ ಎಷ್ಟು ದೊಡ್ಡದು ಎಂಬುದು ಬೇರೆ ವಿಷಯ. 1861ರ ಪೊಲೀಸ್ ಕಾಯ್ದೆ ಜಿಲ್ಲೆಯ ಪೊಲೀಸ್ ಆಡಳಿತವನ್ನು ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಕೈಗೆ ಕೊಟ್ಟಿತು. ಅವರ ಬೇಲಿ ಇಡೀ ಜಿಲ್ಲೆ. ನಿಮ್ಮ ಭಾವನ ಕಚೇರಿಯ ಸೂಪರಿಂಟೆಂಡೆಂಟ್ ಬೇಲಿ ಒಂದು ಶಾಖೆ, ನಾಲ್ಕು ಮೇಜು, ಎರಡು ಬೀರು. ಆದರೂ ಆ ಬೀರುವಿನಿಂದ ಕಡತ ಕಾಣೆಯಾದರೆ ಮೊದಲು ಕರೆಸುವುದು ಅವರನ್ನೇ. ಈ ಇಬ್ಬರನ್ನೂ ಕನ್ನಡದಲ್ಲಿ ಒಂದೇ ಹೆಸರಿನಿಂದ ಕರೆದರೆ ಎಸ್‌ಪಿ ಸಾಹೇಬರಿಗೆ ಬೇಸರ ಆಗಬಹುದೆಂದೋ ಏನೋ, ಅವರನ್ನು ಹೆಚ್ಚಾಗಿ ಪೊಲೀಸ್ ವರಿಷ್ಠಾಧಿಕಾರಿ ಎನ್ನುತ್ತೇವೆ. ನಿಮ್ಮ ಕ್ಷೇತ್ರದಲ್ಲೇ ನೋಡಿ. ಲೋಕೋಪಯೋಗಿ ಇಲಾಖೆಯ ಎಸ್‌ಇ, ಅಂದರೆ ಸೂಪರಿಂಟೆಂಡಿಂಗ್ ಎಂಜಿನಿಯರ್, ಒಂದು ವೃತ್ತಕ್ಕೆ ಮುಖ್ಯಸ್ಥರು. ಅಲ್ಲಿಯೂ ಜಾಗದ ಲೆಕ್ಕವೇ.

ಎರಡು ಪದಗಳೂ ಒಂದೇ ಕಟ್ಟಡದೊಳಗೆ ಸಿಗುವ ಜಾಗ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ. ಕೊಠಡಿಯಲ್ಲಿ ಓಡಾಡುತ್ತಾ ಮಕ್ಕಳ ಮೇಲೆ ಕಣ್ಣಿಡುವವರು ಕೊಠಡಿ ಮೇಲ್ವಿಚಾರಕರು. ಇಡೀ ಕೇಂದ್ರ ಯಾರ ಕೈಯಲ್ಲಿದೆಯೋ ಅವರು ಮುಖ್ಯ ಅಧೀಕ್ಷಕರು. ಒಬ್ಬ ಹುಡುಗ ಪಕ್ಕದವನ ಉತ್ತರ ನೋಡಿ ಬರೆದರೆ ಮೇಲ್ವಿಚಾರಕರನ್ನು ಕೇಳುತ್ತಾರೆ. ಪ್ರಶ್ನೆಪತ್ರಿಕೆಯ ಕಟ್ಟು ಮೊದಲೇ ಬಿಚ್ಚಿದ್ದರೆ ಅಧೀಕ್ಷಕರನ್ನು ಕೇಳುತ್ತಾರೆ.

ಇನ್ನು ಇಂಗ್ಲಿಷ್ ಆಡುವ ದೇಶಗಳಲ್ಲಿ ಈ ಪದಗಳು ಆಡಿಸುವ ಆಟ ಬೇರೆ. ನ್ಯೂಯಾರ್ಕಿನಲ್ಲಿ ಅಪಾರ್ಟ್‌ಮೆಂಟಿನ ನಲ್ಲಿ ಸೋರಿದರೆ, ಹೀಟರ್ ಕೆಟ್ಟರೆ ‘ಸೂಪರ್’ನನ್ನು ಕರೆಯುತ್ತಾರೆ. ಬಿಲ್ಡಿಂಗ್ ಸೂಪರಿಂಟೆಂಡೆಂಟ್ ಎಂಬುದರ ಮೊಟಕು ರೂಪ ಅದು. ಅದೇ ದೇಶದಲ್ಲಿ ಒಂದು ಊರಿನ ಎಲ್ಲ ಸರ್ಕಾರಿ ಶಾಲೆಗಳ ಆಡಳಿತ ನಡೆಸುವ ಅಧಿಕಾರಿಯೂ ಸೂಪರಿಂಟೆಂಡೆಂಟ್. ರಾಷ್ಟ್ರೀಯ ಉದ್ಯಾನದ ಮುಖ್ಯಸ್ಥರೂ ಸೂಪರಿಂಟೆಂಡೆಂಟ್. ಮೂವರಿಗೂ ನಮ್ಮ ಬೇಲಿಯ ಲೆಕ್ಕ ಸರಿಹೊಂದುತ್ತದೆ. ಲೆಕ್ಕ ತಪ್ಪುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕೌಂಟಿಗಳನ್ನು ಆಳುವುದು ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’. ಈ ಸೂಪರ್‌ವೈಸರ್‌ಗಳು ಜನ ಓಟು ಹಾಕಿ ಆರಿಸಿದ ಪ್ರತಿನಿಧಿಗಳು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆದ್ದ ಹಾರ್ವೆ ಮಿಲ್ಕ್ ಅಂಥ ಒಬ್ಬ ಸೂಪರ್‌ವೈಸರ್. ಅವರ ಬಗ್ಗೆ ಬಂದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಯಾರಾದರೂ ‘ಮೇಲ್ವಿಚಾರಕ’ ಎಂದು ಬರೆದರೆ ಓದುಗ ಯಾವುದೋ ಕಾರ್ಖಾನೆ ಎಂದುಕೊಳ್ಳುತ್ತಾನೆ. ಅಲ್ಲಿ ಸುಮ್ನೆ ‘ನಗರಸಭೆಯ ಸದಸ್ಯ’ ಎಂದು ಬರೆಯುವುದು ಮೇಲು. ಬ್ರಿಟನ್ನಿನಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಯ ಮಾರ್ಗದರ್ಶಕರೂ ಸೂಪರ್‌ವೈಸರ್. ನಾವು ಅವರನ್ನು ಗೈಡ್ ಎನ್ನುತ್ತೇವೆ.

ಒಂದು ಕಾಲದಲ್ಲಿ ಸೂಪರಿಂಟೆಂಡೆಂಟ್ ಎಂಬ ಪದಕ್ಕಾಗಿ ಜಗಳವೂ ಆಗಿದೆ. ಕ್ರೈಸ್ತರ ಬಿಷಪ್ ಎಂಬ ಪದ ಗ್ರೀಕಿನ ‘ಎಪಿಸ್ಕೋಪೋಸ್’ನಿಂದ ಬಂದದ್ದು. ಅದಕ್ಕೂ ಮೇಲಿಂದ ನೋಡುವವನು ಎಂದೇ ಅರ್ಥ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಸಭೆಗಳಿಗೆ ಸೂಪರಿಂಟೆಂಡೆಂಟ್‌ಗಳನ್ನು ನೇಮಿಸಿದರು. ಬಿಷಪ್ ಎಂಬ ದೊಡ್ಡ ಹೆಸರು ವೆಸ್ಲಿಗೆ ಬೇಡವಾಗಿತ್ತು. ಅಲ್ಲಿಯವರು ಕೆಲವೇ ವರ್ಷಗಳಲ್ಲಿ ತಮ್ಮನ್ನು ಬಿಷಪ್ ಎಂದೇ ಕರೆದುಕೊಂಡರು. ವೆಸ್ಲಿ 1788ರಲ್ಲಿ ಅವರಲ್ಲೊಬ್ಬರಾದ ಫ್ರಾನ್ಸಿಸ್ ಆಸ್ಬರಿಗೆ ಕಾಗದ ಬರೆದು ಚೆನ್ನಾಗಿ ಬೈದರು. ನಿಮ್ಮ ಗೆಳೆಯ ಹೇಳಿದ ‘ದೊಡ್ಡ ಹೆಸರು ಹಾಕ್ಕೋ’ ಎನ್ನುವ ಚಾಳಿ ಹೊಸದಲ್ಲ ನೋಡಿ.

ಇದುವರೆಗೆ ಹೇಳಿದ್ದು ಹುದ್ದೆಯ ಹೆಸರಿನ ವಿಷಯ. ಕ್ರಿಯಾಪದಕ್ಕೆ ಬಂದರೆ ಕಥೆ ತಿರುಗುತ್ತದೆ. ‘ಸೂಪರಿಂಟೆಂಡ್’ ಎಂಬ ಕ್ರಿಯಾಪದವನ್ನು ಈಗ ಇಂಗ್ಲಿಷಿನವರು ಮಾತಿನಲ್ಲಿ ಬಳಸುವುದು ತೀರಾ ಅಪರೂಪ. ಸೂಪರಿಂಟೆಂಡೆಂಟ್ ಮಾಡುವ ಕೆಲಸವನ್ನೂ ‘ಸೂಪರ್‌ವೈಸ್’ ಎಂದೇ ಹೇಳುತ್ತಾರೆ. ಎಸ್‌ಪಿ ತನಿಖೆಯನ್ನು ಸೂಪರ್‌ವೈಸ್ ಮಾಡಿದರು ಎಂದರೆ ಅವರ ಮಾನಕ್ಕೆ ಕುಂದಿಲ್ಲ. ಹಳೆಯ ಪದ ಗಟ್ಟಿಯಾಗಿ ಉಳಿದಿರುವುದು ಕಾನೂನಿನಲ್ಲಿ. ನಮ್ಮ ಸಂವಿಧಾನದ 324ನೇ ವಿಧಿ ಚುನಾವಣೆಗಳ ‘ಸೂಪರಿಂಟೆಂಡೆನ್ಸ್, ಡೈರೆಕ್ಷನ್, ಕಂಟ್ರೋಲ್’ ಮೂರನ್ನೂ ಚುನಾವಣಾ ಆಯೋಗಕ್ಕೆ ಕೊಡುತ್ತದೆ. 227ನೇ ವಿಧಿ ಕೆಳಗಿನ ನ್ಯಾಯಾಲಯಗಳ ಮೇಲೆ ಹೈಕೋರ್ಟಿಗೆ ಕೊಡುವುದೂ ಸೂಪರಿಂಟೆಂಡೆನ್ಸ್ ಅಧಿಕಾರವನ್ನೇ. ಹೈಕೋರ್ಟ್ ಪ್ರತಿ ಮುನ್ಸಿಫರ ಬೆನ್ನ ಹಿಂದೆ ನಿಂತು ನೋಡುವುದಿಲ್ಲ. ಆದರೆ ಆ ಅಂಗಳ ಅದರದೇ.

ಸೂಪರ್‌ವೈಸರ್ ಪದಕ್ಕೂ ಕಾನೂನಿನಲ್ಲಿ ತೂಕ ಇದೆ. ಇದು ನಿಮ್ಮಂಥವರಿಗೆ ನೇರವಾಗಿ ತಾಗುವ ವಿಷಯ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ‘ಕೆಲಸಗಾರ’ ಯಾರು ಎಂಬ ವ್ಯಾಖ್ಯೆ ಇತ್ತು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು, ಗೊತ್ತಾದ ಮಿತಿಗಿಂತ ಜಾಸ್ತಿ ಸಂಬಳ ಪಡೆಯುವವರು ಆ ವ್ಯಾಖ್ಯೆಯಿಂದ ಹೊರಗಿದ್ದರು. 2010ರ ತಿದ್ದುಪಡಿಯಲ್ಲಿ ಆ ಮಿತಿ ತಿಂಗಳಿಗೆ 10,000 ರೂಪಾಯಿ ಆಯಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮಿತಿ 18,000. ಹೊರಗೆ ಬಿದ್ದವರು ಕೆಲಸದಿಂದ ತೆಗೆದಾಗ ಕಾರ್ಮಿಕರಂತೆ ಈ ಕಾನೂನಿನ ರಕ್ಷಣೆ ಕೇಳಲು ಆಗುವುದಿಲ್ಲ. ಆದರೆ ಕೋರ್ಟುಗಳು ಬರೀ ಹುದ್ದೆಯ ಹೆಸರು ನೋಡಿ ತೀರ್ಮಾನ ಮಾಡುವುದಿಲ್ಲ. ನಿಜವಾಗಿ ಏನು ಕೆಲಸ ಮಾಡುತ್ತಿದ್ದರು ಎಂದು ನೋಡುತ್ತವೆ. ಗುರುತಿನ ಚೀಟಿಯಲ್ಲಿ ಸೂಪರ್‌ವೈಸರ್ ಎಂದು ಬರೆದು ದಿನವಿಡೀ ಕೈಕೆಲಸ ಮಾಡಿಸಿದ್ದರೆ ಆ ಚೀಟಿಗೆ ಬೆಲೆ ಕಡಿಮೆ.

ಈಗ ನಿಮ್ಮ ಅರ್ಜಿ. ಅಮೆರಿಕ, ಕೆನಡಾ ಕಡೆಯ ಕಟ್ಟಡ ಕಂಪನಿಗಳಲ್ಲಿ ಸೂಪರಿಂಟೆಂಡೆಂಟ್ ಎಂದರೆ ಇಡೀ ಸೈಟಿನ ಯಜಮಾನ. ಯಾವ ದಿನ ಯಾವ ಕೆಲಸ, ಯಾವ ಉಪಗುತ್ತಿಗೆದಾರ ಯಾವಾಗ ಬರಬೇಕು, ಸುರಕ್ಷತೆ, ಇನ್‌ಸ್ಪೆಕ್ಟರ್ ಬಂದಾಗ ಉತ್ತರ, ಎಲ್ಲ ಅವರ ತಲೆ ಮೇಲೆ. ಹಣ ಮತ್ತು ಕರಾರಿನ ಲೆಕ್ಕ ಪ್ರಾಜೆಕ್ಟ್ ಮ್ಯಾನೇಜರ್‌ದು. ಒಂದೊಂದು ಬಗೆಯ ಕೆಲಸದ ತಂಡವನ್ನು ಎದುರು ನಿಂತು ನಡೆಸುವವರು ಫೋರ್‌ಮನ್. ಬ್ರಿಟನ್ನಿನಲ್ಲಿ ಸೂಪರಿಂಟೆಂಡೆಂಟ್ ಕೆಲಸ ಮಾಡುವವರನ್ನು ಸೈಟ್ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ಸೈಟ್ ಸೂಪರ್‌ವೈಸರ್ ಹೆಚ್ಚಾಗಿ ಫೋರ್‌ಮನ್ ಜಾಗಕ್ಕೆ ಹತ್ತಿರ. ಅಂದರೆ ಮೇಸ್ತ್ರಿಗಿಂತ ಮೇಲೆ, ಎಂಜಿನಿಯರಿಗಿಂತ ಕೆಳಗೆ. (ಮೇಸ್ತ್ರಿ ಎಂಬುದೂ ಹೊರಗಿನ ಪದವೇ, ಪೋರ್ಚುಗೀಸರ ‘ಮೆಸ್ತ್ರೆ’. ಕಾಫಿ ತೋಟದವರಂತೂ ಲೆಕ್ಕ ಬರೆದು ಆಳು ನೋಡುವವರನ್ನು ‘ರೈಟರ್’ ಎಂದು ಕರೆದು ಇಂಗ್ಲಿಷಿನವರನ್ನೇ ಗೊಂದಲಕ್ಕೆ ಕೆಡವಿದ್ದಾರೆ.)

ಹಾಗಾಗಿ ಈಗಿನ ಹುದ್ದೆಯ ಹೆಸರು ಬದಲಾಯಿಸಬೇಡಿ. ಹಳೆಯ ಕಂಪನಿಗೆ ಒಂದು ಫೋನ್ ಮಾಡಿದರೆ ಸಿಕ್ಕಿಬೀಳುತ್ತೀರಿ. ‘ಸೈಟ್ ಸೂಪರ್‌ವೈಸರ್’ ಎಂದೇ ಬರೆದು, ಕೆಳಗೆ ಜಾಗದ ಲೆಕ್ಕ ಕೊಡಿ. ಎಷ್ಟು ಮಹಡಿಯ ಕಟ್ಟಡ, ಎಷ್ಟು ಜನ, ಎಷ್ಟು ಉಪಗುತ್ತಿಗೆದಾರರು, ಎಂಜಿನಿಯರ್ ಇಲ್ಲದ ದಿನಗಳಲ್ಲಿ ಇಡೀ ಸೈಟ್ ನೋಡಿಕೊಂಡದ್ದು ಎಷ್ಟು ತಿಂಗಳು. ಕೊನೆಯದು ಇದ್ದರೆ ಅದನ್ನೇ ಮೊದಲು ಬರೆಯಿರಿ. ಅವರು ಹುಡುಕುತ್ತಿರುವುದು ಅದನ್ನೇ. ಅಮೆರಿಕದ ಕಡೆಯವರು ಓಶಾದ (ಅಲ್ಲಿಯ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ) 30 ಗಂಟೆಗಳ ಸುರಕ್ಷತಾ ತರಬೇತಿ ಆಗಿದೆಯೇ ಎಂದು ಕೇಳುವುದು ಸಾಮಾನ್ಯ. ಆಗಿದ್ದರೆ ಅದನ್ನೂ ಸೇರಿಸಿ. ಮತ್ತೊಂದು ಮಾತು. ‘ನಾನು ಸೈಟ್ ಇನ್‌ಚಾರ್ಜ್’ ಎಂದು ಬರೆಯಬೇಡಿ. ಇನ್‌ಚಾರ್ಜ್ ಅನ್ನು ಹುದ್ದೆಯ ಹೆಸರಾಗಿ ಬಳಸುವುದು ನಮ್ಮ ಕಡೆಯ ಇಂಗ್ಲಿಷ್. ಅಲ್ಲಿಯವರಿಗೆ ಅದು ಅರ್ಧಕ್ಕೆ ನಿಂತ ವಾಕ್ಯದ ಹಾಗೆ ಕಾಣುತ್ತದೆ.

ಅರ್ಜಿ ಕಳಿಸುವ ಮುಂಚೆ ಸ್ಪೆಲಿಂಗ್ ನೋಡಿಕೊಳ್ಳಿ. ಸೂಪರಿಂಟೆಂಡೆಂಟ್ ಕೊನೆಗೆ ಬರುವುದು ಡಿ, ಇ, ಎನ್, ಟಿ. ಅಟೆಂಡೆಂಟ್ ನೆನಪಿಗೆ ಬಂದು ಬಹಳ ಜನ ಇ ಬದಲು ಎ ಹಾಕುತ್ತಾರೆ. ಸೂಪರ್‌ವೈಸರ್ ಕೊನೆಗೆ ಓ, ಆರ್. ನಡುವಿನ ಅಕ್ಷರ ಉಚ್ಚಾರದಲ್ಲಿ ಝಡ್, ಬರವಣಿಗೆಯಲ್ಲಿ ಎಸ್. ಅಮೆರಿಕದವರೂ ಅಲ್ಲಿ ಝಡ್ ಹಾಕುವುದಿಲ್ಲ.